ಬಾಯಿಬಿಡದ ಹುಡುಗನ ಅಕ್ಕ

"ನಿಮ್ಮ ಜಿಪ್ಸಿಗಳಿಗೆ ಹೆರೋದೊಂದು ಗೊತ್ತು. ಹುಟ್ಟಿದ್ದಕ್ಕೆ ಬುದ್ಧಿ ಇದೆಯೋ ಇಲ್ವೋ, ನೋಡೋ ಕರ್ಮ ನಮ್ದು," ಎಂದಳು ಹೆಡ್ಮೇಡಂ ಹಡ್ಲಿಚ್ಕೋವಾ.

ನಾನು ಅವಳ ಕಾಲಬುಡದಲ್ಲೇ ನೆಲ ಒರೆಸುತ್ತಿದ್ದೆ. ನನ್ನ ತಂಗಿ ಮಾರ್ಗಿತಾ ತಲೆ ತಗ್ಗಿಸಿ ನಿಂತಿದ್ದಳು, ಪಕ್ಕದಲ್ಲಿ ಅವಳ ಮಗ ಡೆಜೋ. ಮಕ್ಕಳ ಬುದ್ಧಿ ಪರೀಕ್ಷಿಸಲು ಬಂದ ಪಟ್ಟಣದ ಡಾಕ್ಟರಮ್ಮ ಚಿತ್ರ ತೋರಿಸಿ ಇದೇನು, ಅದೇನು ಎಂದು ಕೇಳಿದ್ದಳು. ಹುಡುಗ ತುಟಿ ಬಿಚ್ಚಿರಲಿಲ್ಲ. ಮಂದಬುದ್ಧಿಯವರ ಶಾಲೆಗೆ ಹಾಕಿ ಎಂದುಬಿಟ್ಟಳು. ಆ ಶಾಲೆಗೆ ಹೋದ, ಇವರು ಜಿಪ್ಸಿ ಅನ್ನುವ ನಮ್ಮ ರೋಮಾ ಜನರ ಮಕ್ಕಳು ಬೆಳೆದು ಗುಂಡಿ ತೋಡುತ್ತಾರೆ, ಇಲ್ಲ ನನ್ನ ಹಾಗೆ ನೆಲ ಒರೆಸುತ್ತಾರೆ.

ಕೇರಿಗೆ ಬಂದ ಮೇಲೆ ಡೆಜೋನನ್ನು ಕೇಳಿದೆ. "ಯಾಕ್ಲಾ ಮುಂಡೇದೆ, ಬಾಯಿ ಹೊಲ್ಕೊಂಡಿದ್ದೆ?"

"ಅವ್ವ ಮಾತಾಡ್ನಿಲ್ಲ ದೊಡ್ಡವ್ವ. ದೊಡ್ಡೋರ್ಗಿಂತ ಮುಂಚೆ ನಾನೆಂಗೆ ಮಾತಾಡ್ಲಿ?"

ನಾವೇ ಕಲಿಸಿದ ಮರ್ಯಾದೆ. ಹಾಳಾಗಿ ಹೋಗಲಿ ಆ ಮರ್ಯಾದೆ.

ಅವನ ಅಕ್ಕ ಯರ್ಮಿಲಾನೂ ಹಿಂದೆ ಹೀಗೇ ಇದ್ದಳು. ಹೊಸದಾಗಿ ಬಂದ ಮೇಷ್ಟ್ರೊಬ್ಬರು ಮಕ್ಕಳನ್ನು ನಿಲ್ಲಿಸಿ ಭಾಷಣ ಕಲಿಸಿದರು. ಗದ್ದ ಎತ್ತು, ಹಿಂದಿನ ಸಾಲಿನ ಒಂದು ಮುಖ ನೋಡು, ಅವಸರ ಮಾಡಬೇಡ. ಮೊದಮೊದಲು ಹುಡುಗಿ ಅತ್ತೇಬಿಡುತ್ತಿದ್ದಳು. ಆಮೇಲೆ ಭಾಷಣದಲ್ಲಿ ಬಹುಮಾನ ತಂದಳು. ಈಗ ರಾಜಧಾನಿ ಬ್ರಾಟಿಸ್ಲಾವಾದಿಂದ ಶಾಲೆ ನೋಡಲು ದೊಡ್ಡವರು ಬರುವ ದಿನ ಅವಳೇ ಮಾತಾಡಬೇಕೆಂದು ಹಡ್ಲಿಚ್ಕೋವಾ ಹೇಳಿದಳು.

"ನಮ್ಮ ಶಾಲೇಲಿ ಎಲ್ರೂ ಸಮ ಅನ್ನು, ಥ್ಯಾಂಕ್ಸ್ ಹೇಳು, ಇಳಿ. ಬೇರೆ ಏನಾದ್ರೂ ಬೊಗಳಿದ್ರೆ ನಿನ್ನ ದೊಡ್ಡಮ್ಮ ನಾಳೆಯಿಂದ ಕೆಲಸಕ್ಕೆ ಬರೋದು ಬೇಡ."

ಹುಡುಗಿ ನನ್ನ ಹತ್ತಿರ ಬಂದಳು. "ದೊಡ್ಡವ್ವ, ನಿನ್ ಕೆಲ್ಸ?"

"ವೋಗ್ಲಿ ಬುಡವ್ವ. ಕಕ್ಕಸು ತೊಳೆಯೋದೇನ್ ರಾಜ್ಯಭಾರವಾ?"

ಆ ದಿನ ದೊಡ್ಡವರು ಕುರ್ಚಿಯಲ್ಲಿ, ಡಾಕ್ಟರಮ್ಮನೂ ಅವರ ಜೊತೆ. ನಮ್ಮ ಕೇರಿಯವರು ಹಿಂದೆ ಗೋಡೆಗೊರಗಿ ನಿಂತಿದ್ದೆವು. ಯರ್ಮಿಲಾ ಗದ್ದ ಎತ್ತಿದಳು.

"ನಮ್ಮ ಶಾಲೆಯಲ್ಲಿ ಎಲ್ಲರೂ ಸಮ ಎಂದು ಹೇಳಲು ಕಲಿಸಿದ್ದಾರೆ. ನನ್ನ ತಮ್ಮ ದಡ್ಡನಲ್ಲ. ಹಿರಿಯರಿಗಿಂತ ಮೊದಲು ಮಾತಾಡಬಾರದೆಂದು ಸುಮ್ಮನಿದ್ದ. ಅಷ್ಟಕ್ಕೇ ಅವನನ್ನು..."

ಹಡ್ಲಿಚ್ಕೋವಾ ಮೈಕಿನ ತಂತಿ ಕಿತ್ತಳು. "ಇಳಿಯೇ ಕೆಳಗೆ," ಎಂದು ಹಲ್ಲು ಕಚ್ಚಿದಳು.

ನಮ್ಮ ಕೇರಿಯಲ್ಲಿ ಹೆಣ ಕಾಯುವಾಗ ಒಂದು ಪದ್ಧತಿಯಿದೆ. ಹೇಳಬೇಕಾದವರು ಎದ್ದು ಅಪ್ಪಣೆ ಕೇಳುತ್ತಾರೆ. ಕೂತವರು ಮಾತಾಡು ಎಂದರೆ ಮುಗಿಯಿತು, ಆ ಮಾತು ಮುಗಿಯುವವರೆಗೆ ಯಾವನೂ ತಡೆಯುವಂತಿಲ್ಲ, ಎದ್ದು ಹೋಗುವಂತಿಲ್ಲ.

ಯರ್ಮಿಲಾ ಇಳಿಯಲಿಲ್ಲ. ನನ್ನ ಮುಖವನ್ನೇ ನೋಡುತ್ತ ನಮ್ಮ ಭಾಷೆಯಲ್ಲಿ ಕೇಳಿದಳು. "ಮಾತಾಡ್ಲಾ?"

ಮಾರ್ಗಿತಾ ನನ್ನ ಕಡೆ ನೋಡಿದಳು. ನಾನು ಹೆಡ್ಮೇಡಂ ಕಡೆ ನೋಡಿದೆ. ಹಿರಿಯರೆಲ್ಲ ನೆಲ ನೋಡುತ್ತಿದ್ದರು.

"ಮಾತಾಡಕ್ಕಾ," ಎಂದ ಡೆಜೋ. ಎಲ್ಲರಿಗಿಂತ ಮೊದಲು.

ಡಾಕ್ಟರಮ್ಮ ತಿರುಗಿ ನೋಡಿ, "ಇದಕ್ಕೆ ಶಿಸ್ತೂ ಇಲ್ಲ," ಎಂದಳು ಪಕ್ಕದವನಿಗೆ.

"ಮಾತಾಡವ್ವ," ಎಂದಳು ಮಾರ್ಗಿತಾ. ಆಮೇಲೆ ಗೋಡೆ ಉದ್ದಕ್ಕೂ ನಮ್ಮವರೆಲ್ಲ ಅದನ್ನೇ ಅಂದರು.

ಮುಂದಿನ ಸಾಲಿನವರು ಕೋಟು ಸರಿಮಾಡಿಕೊಂಡು ಎದ್ದರು. ಹಡ್ಲಿಚ್ಕೋವಾ ಹೊರಗಿದ್ದ ಕಾವಲುಗಾರನನ್ನು ಕೂಗಿದಳು. ನಾನು ನೆಲ ಒರೆಸುವ ಕೋಲನ್ನು ಬಾಗಿಲಿನ ಎರಡು ಹಿಡಿಗಳ ನಡುವೆ ಅಡ್ಡಲಾಗಿ ತೂರಿಸಿ, ಅದರ ಮುಂದೆ ನಿಂತೆ.

ಕಾವಲುಗಾರ ಹೊರಗಿನಿಂದ ಬಾಗಿಲು ಒದೆಯತೊಡಗಿದ. ಯರ್ಮಿಲಾ ಅವಸರ ಮಾಡಲಿಲ್ಲ.