ಸ್ಕ್ರೂ ಮಾವ ಕಂಪ್ಯೂಟರ್ ಕೊಳ್ಳಲು ಹೋದದ್ದು

ಆ ಕಾರ್ಖಾನೆಯಲ್ಲಿ ತಯಾರಾಗುವ ಪ್ರತಿ ಕಂಪ್ಯೂಟರಿನ ಕೊನೆಯ ಸ್ಕ್ರೂವನ್ನು ಯಜಮಾನರೇ ಕೈಯಾರೆ ಬಿಗಿಯಬೇಕು ಎಂಬುದು ಕಟ್ಟಳೆ. ಮಗಳ ಮದುವೆಯ ದಿನ ಪೆಟ್ಟಿಗೆಗಳನ್ನು ಮದುವೆಮನೆಗೇ ತರಿಸಿಕೊಂಡು, ನೆಂಟರನ್ನು ಮಾತಾಡಿಸುತ್ತಲೇ ಬಿಗಿದಿದ್ದರು. ಹಾಗಾಗಿ ಊರಿಗೆಲ್ಲ ಅವರು ಸ್ಕ್ರೂ ಮಾವ. ಅವರು ಬಿಗಿದ ಸ್ಕ್ರೂ ಬಿಚ್ಚಲು ಹೋದ ರಿಪೇರಿಯವನೊಬ್ಬ, ಸ್ಕ್ರೂ ತಿರುಗದೆ ತಾನೇ ಒಂದು ಸುತ್ತು ತಿರುಗಿ ಬಿದ್ದಿದ್ದನಂತೆ. ಸುಳ್ಳಿರಬಹುದು. ಆದರೆ ಆತ ಈಗಲೂ ಎಡಕ್ಕೆ ವಾಲಿಯೇ ನಡೆಯುತ್ತಾನೆ.

ಇಂಥ ಮಾವನ ಮಾನಕ್ಕೆ ಕೈ ಹಾಕಿದವನು ಹೊರಗಿನವನಲ್ಲ. ಸ್ವಂತ ಅಳಿಯ, ಮಗಳ ಗಂಡ. ಪೇಟೆಯ ದೊಡ್ಡ ಅಂಗಡಿ ಅವನದು. ಜನ ಒಳಗೆ ಬರಲಿ, ಬಂದವರು ಮೇಜು, ಕುರ್ಚಿ ಕೊಳ್ಳಲಿ ಎಂದು ಮಾವನ ಕಂಪ್ಯೂಟರುಗಳನ್ನು ಅಸಲಿಗಿಂತ ಕಮ್ಮಿಗೆ ಬಿಟ್ಟು, ಬಾಗಿಲ ಮೇಲೆ 'ಅರ್ಧ ಬೆಲೆ' ಎಂಬ ಬೋರ್ಡು ತೂಗಿಸಿದ. ಅವನ ನಷ್ಟ ಕುರ್ಚಿಯಲ್ಲಿ ತುಂಬಿ ಬರುತ್ತಿತ್ತು. ಮಾವನಿಗೆ ಮಾತ್ರ ಕೂರಲು ಕುರ್ಚಿಯೂ ಉಳಿಯುವ ಹಾಗಿರಲಿಲ್ಲ.

ಉಳಿದ ಅಂಗಡಿಯವರು ತಮಗೂ ಅದೇ ಬೆಲೆಗೆ ಕೊಡಿ, ಇಲ್ಲವೇ ಮಾಲು ವಾಪಸ್ ತಗೊಳ್ಳಿ ಎಂದು ಲಾರಿಯಲ್ಲಿ ಪೆಟ್ಟಿಗೆ ತಂದು ಸುರಿದರು. ಗೋದಾಮು ಎಷ್ಟು ತುಂಬಿತೆಂದರೆ ಕಾವಲುಗಾರನ ಕುರ್ಚಿಯನ್ನು ಸೂರಿನ ಮೇಲೆ ಹಾಕಬೇಕಾಯಿತು. ಅವನು ಅಲ್ಲಿ ಕೂತು ಹಕ್ಕಿಗಳಿಗೆ ಗೇಟ್ ಪಾಸ್ ಕೇಳುತ್ತಿದ್ದ. ಬೆಲೆ ಇಳಿದಿದೆ ಎಂದರೆ ಮಾಲಿನಲ್ಲೇ ಹುಳುಕಿದೆ ಎಂದುಕೊಂಡು ಜನ ಷೇರು ಮಾರತೊಡಗಿದರು. ಹಗ್ಗ ಹರಿದ ಕೊಡದ ಹಾಗೆ ಷೇರು ಕೆಳಗಿಳಿಯಿತು. ಸೋಮವಾರದೊಳಗೆ ಅದು ಏಳದಿದ್ದರೆ ಕಾರ್ಖಾನೆಗೆ ಬೀಗ ಎಂದರು ಪಾಲುದಾರರು. ಅಳಿಯನನ್ನು ಗದರೋಣವೆಂದರೆ, ಮಾವ ಹೆಣ್ಣು ಕೊಟ್ಟವರು. ಗಂಟಲಿಗೆ ಬಂದದ್ದನ್ನು ನೀರು ಕುಡಿದು ಇಳಿಸಿಕೊಳ್ಳುತ್ತಿದ್ದರು.

ಶನಿವಾರ ಸಂಜೆ ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲದಾಗ, ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಗಿರಾಕಿಯಾಗಿ ಬಂದರು.

"ಒಂದು ಕಂಪ್ಯೂಟರ್ ಕೊಡಿ ಅಳಿಯಂದ್ರೇ. ಪೂರ್ತಿ ಬೆಲೆಗೆ."

"ಬೋರ್ಡ್ ನೋಡ್ಲಿಲ್ವಾ ಮಾವ? ಅರ್ಧಕ್ಕೆ ತಗೊಳ್ಳಿ. ನಿಮಗೆ ಅಂತ ಇನ್ನೂ ಸ್ವಲ್ಪ ಬಿಡ್ತೀನಿ."

"ಒಂದು ಕಾಸು ಬಿಟ್ರೂ ನಂಗೆ ಬೇಡ."

ಚೌಕಾಸಿ ಶುರುವಾಯಿತು. ಕೊಳ್ಳುವವರು ಏರಿಸುತ್ತಾರೆ, ಮಾರುವವನು ಇಳಿಸುತ್ತಾನೆ. ಅಳಿಯ ಪುಕ್ಕಟೆಗೆ ಬಂದು ನಿಂತ, ಮಾವ ಎರಡರಷ್ಟಕ್ಕೆ ಹೋದರು. ಕುರ್ಚಿ ನೋಡುತ್ತಿದ್ದವರೆಲ್ಲ ಅದನ್ನು ಬಿಟ್ಟು ಇವರ ಸುತ್ತ ನೆರೆದರು. ಅಷ್ಟು ಕೊಡೋಕೆ ಅದರಲ್ಲಿ ಅಂಥಾದ್ದೇನಿದೆ ಎಂದು ಬಟ್ಟೆ ಹೊಲಿಯುವ ಹೆಂಗಸೊಬ್ಬಳು ಕೇಳಿದಳು.

ಮಾವ ಅಂಗಿಯ ತೋಳು ಮಡಿಸಿದರು. ಹಾಡು ಹಾಕಿಟ್ಟಿದ್ದ ಒಂದು ಕಂಪ್ಯೂಟರಿನ ಪೆಟ್ಟಿಗೆಯನ್ನು ವೈರು ಸಮೇತ ನೆಲಕ್ಕಿಳಿಸಿ, ಅದರ ಮೇಲೆ ಹತ್ತಿ ನಿಂತರು. ಅವರು ತೂಕದ ಮನುಷ್ಯ. ತೂಕದ ಮೆಷಿನ್ನುಗಳು ಅವರನ್ನು ಕಂಡರೆ ಹಾಕಿದ ಕಾಸು ವಾಪಸ್ ಕೊಡುತ್ತಿದ್ದವು. ಪೆಟ್ಟಿಗೆ ಕಿರ್ ಎನ್ನಲಿಲ್ಲ, ಹಾಡು ತಾಳ ತಪ್ಪಲಿಲ್ಲ. ಅಂಗಡಿಯ ನೆಲದ ಕಲ್ಲು ಮಾತ್ರ ಸೀಳಿತು.

"ಇಳೀರಿ ಮಾವ, ಜನ ನೋಡ್ತಿದ್ದಾರೆ," ಎಂದ ಅಳಿಯ, ಧ್ವನಿ ತಗ್ಗಿಸಿ.

"ನೋಡ್ಲಿ ಅಂತಾನೇ ಹತ್ತಿರೋದು. ಮೊದ್ಲು ಬೋರ್ಡ್ ಇಳೀಲಿ, ಆಮೇಲೆ ನಾನು."

ಗಲ್ಲಾದಲ್ಲಿದ್ದ ಮಗಳು ಅಷ್ಟು ಹೊತ್ತು ಅಡಕತ್ತರಿಯ ಅಡಿಕೆಯಾಗಿದ್ದಳು. ಈಗ ಎದ್ದು ಏಣಿ ತಂದು ಗಂಡನ ಮುಂದಿಟ್ಟಳು.

"ಹತ್ತಿ. ನಮ್ಮಪ್ಪ ವಾರ ಬೇಕಾದ್ರೂ ಹೀಗೇ ನಿಲ್ತಾರೆ. ಊಟ ತಂದುಕೊಡೋಳು ನಾನು."

ಬೋರ್ಡು ಕೆಳಗೆ ಬರುವಷ್ಟರಲ್ಲಿ ಹೊಲಿಗೆಯವಳು ಪೂರ್ತಿ ಬೆಲೆ ಗಲ್ಲಾದ ಮೇಲಿಟ್ಟಿದ್ದಳು. ಅವಳ ಹಿಂದಿನ ಸಾಲು ಬೀದಿ ಸುತ್ತಿಕೊಂಡು ಅಂಗಡಿಯ ಹಿಂಬಾಗಿಲಿಗೆ ಬಂದು ಮುಟ್ಟಿತು. ಮಾರನೆಯ ದಿನ ಉಳಿದ ಅಂಗಡಿಯವರು ತಾವು ಸುರಿದ ಪೆಟ್ಟಿಗೆಗಳನ್ನೇ ಕೇಳಿಕೊಂಡು ಗೋದಾಮಿಗೆ ಬಂದರು. ಸೋಮವಾರ ಷೇರು ಏರಿದ್ದನ್ನು ನೋಡಿ ನೋಡಿ ಪಾಲುದಾರರಿಗೆ ಕತ್ತು ಉಳುಕಿತು. ತಂದ ಬೀಗವನ್ನು ಜೇಬಿಗಿಳಿಸಿ, ಚಹಾ ಕುಡಿದು ಹೋದರು. ಮಾವ ಸ್ಕ್ರೂ ಬಿಗಿಯುತ್ತ ಕೂತಲ್ಲಿಂದ ಏಳಲಿಲ್ಲ. ಕಾವಲುಗಾರ ಮಾತ್ರ ಸೂರಿನಿಂದ ಇಳಿಯಲು ಒಪ್ಪಲಿಲ್ಲ. ಹಕ್ಕಿಗಳು ಆಗಲೇ ಶಿಸ್ತು ಕಲಿತಿದ್ದವು.

ಆ ಪೆಟ್ಟಿಗೆ ಈಗ ಅಂಗಡಿಯ ಗಾಜಿನ ಹಿಂದಿದೆ, ಮೇಲೆ ಎರಡು ಚಪ್ಪಲಿ ಗುರುತು. ಒರೆಸಲು ಅಳಿಯ ಯಾರನ್ನೂ ಬಿಡುವುದಿಲ್ಲ. ಗುರುತು ಬಿದ್ದಿದೆಯಲ್ಲ, ಕಮ್ಮಿಗೆ ಕೊಡ್ತೀರಾ ಎಂದು ಕೇಳಿದವರಿಗೆ ಎದೆಯುಬ್ಬಿಸಿ ಹೇಳುತ್ತಾನೆ:

"ಅದರ ಮೇಲೆ ನಮ್ಮ ಮಾವ ನಿಂತಿದ್ರು. ಅದನ್ನ ಮಾರಲ್ಲ. ಪಕ್ಕದ್ದು ತಗೊಳ್ಳಿ, ಪೂರ್ತಿ ಬೆಲೆಗೆ."