ಮಬ್ಬಾದ ಪೊರೆಯನ್ನು ಮೊದಲು ಇಟ್ಟವಳು

ಎದುರಿಗೆ ಬಂದವರ ಮುಖವನ್ನು ಮೋಕ್ಷಿತಾ ನೋಡುವುದಿಲ್ಲ, ಕಣ್ಣಿನ ಕರಿಗುಡ್ಡೆಯನ್ನು ನೋಡುತ್ತಾಳೆ. ಅದೂ ತಲೆಯನ್ನು ಒಂದಿಷ್ಟು ಎಡಕ್ಕೆ ವಾಲಿಸಿ, ಬೆಳಕು ಅಲ್ಲಿ ಹೇಗೆ ನಿಲ್ಲುತ್ತದೆಂದು ಪರೀಕ್ಷಿಸುವವಳಂತೆ. ಹೆಣ್ಣು ನೋಡಲು ಬೈಂದೂರಿನಿಂದ ಬಂದ ಗಂಡೊಬ್ಬ ಹೀಗೆ ನೋಡಿಸಿಕೊಂಡು ಬೆವತು, ಚಹಾವನ್ನು ಅರ್ಧಕ್ಕೇ ಬಿಟ್ಟು ಎದ್ದನಂತೆ. ಪುಣ್ಯಾತ್ಮ, ಬದುಕಿಕೊಂಡ!

ಅವಳ ತಾಯಿ ಸರಸ ಕೋಟದ ಮೀನು ಮಾರುಕಟ್ಟೆಯಲ್ಲಿ ಮೂವತ್ತು ವರ್ಷ ಕೂತವರು. ಒಮ್ಮೆ ಮೀನು ಕೆರೆಯುವಾಗ ಅದರ ಮೈಮೇಲಿನ ಹುರುಪೆಯೊಂದು ಚಿಮ್ಮಿ ಕಣ್ಣಿಗೆ ಬಡಿಯಿತು. ಬುಟ್ಟಿ ತುಂಬ ಮೀನಿರುವಾಗ ವ್ಯಾಪಾರ ಬಿಟ್ಟು ಡಾಕ್ಟರ ಬಳಿಗೆ ಹೋಗುವುದುಂಟೇ? ಸೆರಗಿನ ತುದಿಗೆ ಬಾಯಿಂದ ಬಿಸಿ ಊದಿ, ಕಣ್ಣಿಗೆ ಒತ್ತಿಕೊಂಡು ವಾರ ಕಳೆದರು. ಕಣ್ಣಲ್ಲಾದ ಹುಣ್ಣೇನೋ ಮಾಯಿತು, ಆದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪಟಲ, ಕಾರ್ನಿಯಾ, ಬಿಳಿಗಟ್ಟಿತು. ದಾನಿಯ ಕಣ್ಣಿಗಾಗಿ ಹೆಸರು ಬರೆಸಿ ಕಾಯುತ್ತಿದ್ದಾರೆ. ಅಂಥ ಹುರುಪೆಯಿಂದಲೇ ಕಾರ್ನಿಯಾದ ಜೀವಕೋಶಗಳಿಗೆ ಆಸರೆಯಾಗುವ ತೆಳುಪೊರೆ ತಯಾರಿಸಬಹುದೆಂದು ಎಂ.ಎಸ್ಸಿ. ತರಗತಿಯಲ್ಲಿ ಓದಿದ ದಿನ ಮೋಕ್ಷಿತಾಗೆ ಊಟ ಸೇರಲಿಲ್ಲ.

ಆ ಸಂಶೋಧನೆಗೆ ಪಿಎಚ್.ಡಿ. ಸೀಟು ಇದ್ದದ್ದು ಒಂದೇ. ಸಂದರ್ಶನಕ್ಕೆಂದು ಅವಳು ತಾನೇ ಮಾಡಿದ ಐದು ಪೊರೆಗಳನ್ನು ಒಯ್ದಳು; ಒಂದು ತಿಳಿ, ನಾಲ್ಕು ಮಬ್ಬು. ತಿಳಿಯಾದದ್ದನ್ನಷ್ಟೇ ತೋರಿಸು ಮಾರಾಯ್ತಿ ಎಂದು ಗೆಳತಿ ಅನಿಷಾ ಗೋಗರೆದಿದ್ದಳು. ಇವಳು ಮಬ್ಬಾದ ನಾಲ್ಕನ್ನೇ ಮೊದಲು ಮೇಜಿನ ಮೇಲಿಟ್ಟಳು. ಕೆಟ್ಟದ್ದನ್ನು ತೋರಿಸಿ ಸೀಟು ಕೇಳುವುದು ಯಾವ ಕ್ರಮವೆಂದು ಪ್ರೊಫೆಸರ್ ಉಮಾನಾಥ ಹುಬ್ಬೇರಿಸಿದರು.

“ಕಿವಿರು ಬಿಡ್ಸಿ ತೋರ್ಸ್ದೆ ಅಮ್ಮ ಯಾರಿಗೂ ಮೀನ್ ಕೊಟ್ಟದ್ದಿಲ್ಲೆ ಸರ್,” ಎಂದಳು. ಮೀನು ಹಳತಾದರೆ ಮೊದಲು ಹೇಳುವುದು ಕಿವಿರೇ.

ಬಹುಶಃ ಹಲವು ದಿನ ಮಂಜುಗಡ್ಡೆಯಲ್ಲಿದ್ದ ಮೀನಿನ ಹುರುಪೆಯಿಂದ ಮಾಡಿದ್ದರಿಂದಲೇ ಇವು ಮಬ್ಬಾದವು, ಅಂದೇ ದಡ ಸೇರಿದ ಮೀನಿನದು ತಿಳಿಯಾಯಿತು, ಇದು ಊಹೆ ಮಾತ್ರ, ಪರೀಕ್ಷಿಸುವುದಕ್ಕೇ ಸೀಟು ಬೇಕಾಗಿದೆ ಎಂದು ವಿವರಿಸಿದಳು. ಹತ್ತು ನಿಮಿಷದ ಸಂದರ್ಶನ ಒಂದು ಗಂಟೆಗೆ ಬೆಳೆಯಿತು. ಮರುವಾರ ಸೀಟು ಅವಳದಾಯಿತು.

ಸುದ್ದಿ ಕೇಳಿದ ಸರಸ ಬಹಳ ಹೊತ್ತು ಮಗಳ ಕೈ ಬಿಡಲಿಲ್ಲ. ಆಮೇಲೆ, ತನ್ನ ಕಣ್ಣಿಗೆ ಆ ಪೊರೆ ಆಗುತ್ತದೆಯೇ ಎಂದು ಮೆಲ್ಲಗೆ ಕೇಳಿದರು. ಹೂಂ ಎಂದುಬಿಟ್ಟಿದ್ದರೆ ಯಾರ ಗಂಟು ಹೋಗುತ್ತಿತ್ತು? ಮೋಕ್ಷಿತಾ ತಲೆಯನ್ನು ಎಡಕ್ಕೆ ವಾಲಿಸಿ ಆ ಬಿಳಿಗಟ್ಟಿದ ಕಣ್ಣನ್ನೇ ನೋಡಿದಳು.

“ನಿನ್ ಕಣ್ಣಿಗ್ ಆತ್ತೋ ಇಲ್ಯೋ ಗೊತ್ತಿಲ್ಲೆ ಅಮ್ಮ. ತುಂಬಾ ವರ್ಷ ಹಿಡಿತ್ತ್.”

“ನಂಗಲ್ದಿರೆ ಇನ್ನೊಬ್ರಿಗ್ ಆಯ್ಲಿ. ನೀ ಹೋಯ್ ಸೇರ್, ಹೆಣ್ಣೇ.”

ಹೆತ್ತವಳ ಕಣ್ಣೆದುರೂ ಸುಳ್ಳು ಭರವಸೆ ಕೊಡಲಾರದವರು ನಮ್ಮ ನಡುವೆ ಎಲ್ಲೋ ಕೆಲವರು. ಅವರ ಜೊತೆ ಬಾಳುವುದು ಸುಲಭವಲ್ಲ. ಆದರೆ ಅಂಥವರು ಒಮ್ಮೆ ‘ಆಗುತ್ತದೆ’ ಎಂದ ದಿನ, ಅದು ಆಗಿಯೇ ಇರುತ್ತದೆ.