ಶನಿವಾರದ ಅಭಿಪ್ರಾಯ

ತೆರೆಯ ಮೇಲೆ ಕೊನೆಯ ಹೆಸರುಗಳು ಇನ್ನೂ ಏರುತ್ತಿರುವಾಗಲೇ ಲಿಬಾರ್ದೊ ಎದ್ದು ನಿಂತು ಗಂಟಲು ಸರಿಮಾಡಿಕೊಂಡ. ಯಾರೋ ದೀಪ ಹಾಕಿದರು. ಚಿತ್ರ ತೋರಿಸುತ್ತಿದ್ದ ಯೆಸಿದ್ ಮೇಷ್ಟ್ರು ರೀಲು ಬಿಚ್ಚುತ್ತಲೇ "ಹೇಳಿ ಲಿಬಾರ್ದೊ ಅವರೇ" ಎಂದರು. ಹೇಳಿ ಎನ್ನದಿದ್ದರೂ ಅವನು ಹೇಳುತ್ತಿದ್ದ. ಮನಿಸಾಲೆಸ್ ಊರಿನ ಆ ಸಿನಿಮಾ ಕೂಟದಲ್ಲಿ ಅದು ಎಲ್ಲರಿಗೂ ಗೊತ್ತಿದ್ದ ಸಂಗತಿ.

ಶಾಲೆಯೊಂದರ ಮಹಡಿಯ ಹಜಾರ ಅದು. ಶನಿವಾರ ಮಧ್ಯಾಹ್ನ ಒಂದು ಚಿತ್ರ, ಆಮೇಲೆ ಅದರ ಮೇಲೆ ಚರ್ಚೆ. ಒಂದು ಕಾಲಕ್ಕೆ ಕಿಟಕಿಯ ಕಟ್ಟೆಯ ಮೇಲೂ ಜನ ಕೂರುತ್ತಿದ್ದರು. ಸಿನಿಮಾದ ವಿಡಿಯೊ ಕ್ಯಾಸೆಟ್ಟುಗಳು ಬಾಡಿಗೆಗೆ ಸಿಗತೊಡಗಿದ ಮೇಲೆ ಒಬ್ಬೊಬ್ಬರೇ ಮನೆ ಹಿಡಿದರು. ಉಳಿದವರು ಕೆಲವು ವಿದ್ಯಾರ್ಥಿಗಳು, ಒಬ್ಬಿಬ್ಬರು ಪೆನ್ಷನ್ ಆದವರು, ಮತ್ತು ಲಿಬಾರ್ದೊ.

ಅವನದು ಹಲ್ಲು ಕಟ್ಟುವ ಕೆಲಸ. ದಂತವೈದ್ಯರು ರೋಗಿಗಳ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಇವನು ಅದಕ್ಕೆ ಪ್ಲಾಸ್ಟರ್ ಹುಯ್ದು, ಅಳತೆ ನೋಡಿ, ಹಲ್ಲಿನ ಸೆಟ್ಟು ಮಾಡಿಕೊಡುತ್ತಾನೆ. ಆ ಹಲ್ಲುಗಳ ಒಡೆಯರ ಮುಖವನ್ನು ಅವನು ಕಂಡವನಲ್ಲ. ವಾರವಿಡೀ ಮೇಜಿನ ಮೇಲೆ ಬಿಳಿಯ ಬಾಯಿಗಳು ಸಾಲಾಗಿ ಕೂತಿರುತ್ತಿದ್ದವು, ಒಂದೂ ಮಾತಾಡುತ್ತಿರಲಿಲ್ಲ. ಮದುವೆ ಎಂಬುದು ಇವತ್ತು ನಾಳೆ ಎನ್ನುತ್ತಲೇ ದಾಟಿಹೋಗಿತ್ತು. ಮೂಲೆಯ ಹೋಟೆಲಿನವಳು ಬೆಲ್ಲದ ಬಿಸಿನೀರಿನ ಲೋಟ ಮುಂದಿಡುತ್ತ, ಆ ಕಡೆಯ ರೂಢಿಯಂತೆ, ಚೀಸಿನ ತುಂಡು ಹಾಕಲಾ ಎಂದು ಕೇಳುವುದು, ಇವನು ಹಾಕಿ ಎನ್ನುವುದು, ಎಷ್ಟೋ ದಿನ ಅವನ ಬಾಯಿಂದ ಹೊರಟ ಮಾತು ಅದೊಂದೇ. ಹಾಗಾಗಿ ಶನಿವಾರ ಬಂತೆಂದರೆ ಕಟ್ಟೆ ಒಡೆದ ಕೆರೆಯಂತಾಗುತ್ತಿದ್ದ.

ಅಂದಿನ ಚಿತ್ರ ಯಾವುದೋ ಚಳಿದೇಶದ್ದು, ಕಪ್ಪುಬಿಳುಪಿನದು. ರೈಲ್ವೆ ಕೆಲಸಗಾರನೊಬ್ಬನ ಹೆಂಡತಿ ಒಳಕೋಣೆಯಲ್ಲಿ ಸಾಯುತ್ತಿದ್ದಾಳೆ. ಅವನು ಅಡುಗೆಮನೆಯಲ್ಲಿ ಕೂತು ಕೆಟ್ಟುಹೋದ ಲಾಂದ್ರ ಸರಿಮಾಡುತ್ತಾನೆ. ಒಳಗಿನ ಉಸಿರಿನ ಸದ್ದು ನಿಲ್ಲುತ್ತದೆ. ಅವನು ಲಾಂದ್ರದ ಗಾಜು ಒರೆಸುತ್ತಲೇ ಇರುತ್ತಾನೆ.

ಲಿಬಾರ್ದೊ ಮೊದಲು ಕಥೆಯನ್ನು ಹಿಡಿದುಕೊಂಡ. ಕಥೆ ಅನ್ನುವುದು ನೋಡುವವನ ಕೈ ಹಿಡಿದು ಒಳಕೋಣೆಗೆ ಕರೆದೊಯ್ಯಬೇಕು, ಈ ನಿರ್ದೇಶಕ ನಮ್ಮನ್ನು ಅಡುಗೆಮನೆಯಲ್ಲೇ ಕೂಡಿಸಿ ಬಾಗಿಲು ಹಾಕಿಕೊಂಡಿದ್ದಾನೆ ಎಂದ. ಆಮೇಲೆ ನಟನೆಗೆ ಬಂದ. ನಟನ ಬಂಡವಾಳವೇ ಮುಖ, ಒಳಗಿನದು ಅಲ್ಲಿಗೆ ಬರದಿದ್ದರೆ ಅದು ಒಳಗೆ ಇತ್ತೆಂದು ನಂಬುವುದಾದರೂ ಹೇಗೆ ಎಂದು ಕೇಳಿದ.

"ಹೆಂಡತಿ ಸಾಯ್ತಿದಾಳೆ, ಈ ಪುಣ್ಯಾತ್ಮ ಗಾಜು ಒರೆಸ್ತಾ ಕೂತಿದಾನೆ. ಇದು ಸುಳ್ಳು ಸ್ವಾಮಿ. ಅಳೋಕೆ ಬರದ ನಟ. ಅದನ್ನ ಮುಚ್ಚೋಕೆ ಅವನ ಕೈಗೊಂದು ಲಾಂದ್ರ ಕೊಟ್ಟಿದಾರೆ."

"ಸುಳ್ಳಲ್ಲ," ಎಂದು ಹಿಂದಿನಿಂದ ಒಂದು ಧ್ವನಿ ಬಂತು.

ಬಾಗಿಲ ಹತ್ತಿರದ ಕುರ್ಚಿಯಲ್ಲಿ ಬೂದು ಕೋಟಿನ ಹೆಂಗಸೊಬ್ಬಳು ಕೂತಿದ್ದಳು. ಅರವತ್ತರ ಆಸುಪಾಸು. ಹಿಂದೆ ಯಾವತ್ತೂ ಕಂಡ ಮುಖವಲ್ಲ. ಕೈಚೀಲ ತೊಡೆಯ ಮೇಲಿತ್ತು. ಪಕ್ಕದ ಮನೆಯವರ ಜೊತೆ ಮಾತಾಡುವ ಹಾಗೆ ಹೇಳಿದಳು: "ನನ್ನ ಗಂಡ ಹೋಗುವಾಗ ನಾನು ಅಡುಗೆಮನೇಲಿ ಬೀನ್ಸ್ ಕಾಯಿ ಬಿಡಿಸ್ತಾ ಇದ್ದೆ."

ಲಿಬಾರ್ದೊ ಅದನ್ನು ಅಲ್ಲಿಗೆ ಬಿಡಬಹುದಿತ್ತು. ಆದರೆ ಎದುರಾಡುವವರು ಸಿಗದೆ ಎಷ್ಟೋ ಕಾಲವಾಗಿತ್ತು, ನಾಲಿಗೆ ತಡೆಯಲಿಲ್ಲ.

"ಇರಬಹುದಮ್ಮ. ಆದರೆ ನಿಮ್ಮ ಅಡುಗೆಮನೆ ನೋಡೋಕೆ ಯಾರೂ ಟಿಕೆಟ್ ತಗೊಂಡು ಬರಲ್ಲ."

ಮುಂದಿನ ಸಾಲಿನ ಹುಡುಗರು ನಕ್ಕರು. ಹೆಂಗಸು ಚೀಲವನ್ನು ಹೆಗಲಿಗೇರಿಸಿಕೊಂಡು, ಕುರ್ಚಿ ಸದ್ದಾಗದಂತೆ ಎದ್ದು, ಮೆಟ್ಟಿಲಿಳಿದು ಹೋದಳು. ಲಿಬಾರ್ದೊ ತನ್ನ ಮಾತು ಮುಂದುವರಿಸಿದ. ಏನು ಹೇಳಿದನೆಂದು ಆಮೇಲೆ ಅವನಿಗೇ ನೆನಪಾಗಲಿಲ್ಲ.

ಆ ವಾರ ಕೆಲಸ ಕೈಗೆ ಹತ್ತಲಿಲ್ಲ. ಮೇಣ ಕಾಯಿಸುವಾಗ, ಹಲ್ಲು ಜೋಡಿಸುವಾಗ, ತನ್ನ ಮಾತು, ಅದರ ಹಿಂದೆಯೇ ಆ ನಗು ಕಿವಿಗೆ ಬರುತ್ತಿತ್ತು. ಮೊದಮೊದಲು ತನ್ನ ಪರವಾಗಿಯೇ ವಾದಿಸಿಕೊಂಡ. ಬದುಕು ಬೇರೆ, ತೆರೆ ಬೇರೆ. ಇದ್ದದ್ದನ್ನು ಇದ್ದಹಾಗೆ ತೋರಿಸಲು ನಟರು ಯಾಕೆ ಬೇಕು? ವಾದವೇನೋ ಗಟ್ಟಿಯಾಗಿತ್ತು. ಆದರೆ ಅದನ್ನು ಹೇಳಿಕೊಳ್ಳಲು ಎದುರಿಗಿದ್ದದ್ದು ಪ್ಲಾಸ್ಟರಿನ ಬಾಯಿಗಳು.

ಮುಂದಿನ ಶನಿವಾರ ಅವನು ಬೇಗನೆ ಹೋಗಿ, ಬಾಗಿಲು ಕಾಣುವಂಥ ಕುರ್ಚಿ ಹಿಡಿದ. ಆಕೆ ಬರಲಿಲ್ಲ. ಚಿತ್ರದ ಮೇಲೆ ಅವನ ಕಣ್ಣಿದ್ದದ್ದು ಅಷ್ಟಕ್ಕಷ್ಟೇ. ದೀಪ ಹತ್ತಿತು. ಮೇಷ್ಟ್ರು ಅವನ ಕಡೆ ನೋಡಿದರು. ಇವತ್ತು ಹೇಳುವಂಥದ್ದು ಏನೂ ಇಲ್ಲ ಎಂದ. ಯಾರೋ ಕ್ಯಾಮೆರಾದ ಬಗ್ಗೆ ಎರಡು ಮಾತಾಡಿದರು, ಅಲ್ಲಿಗೆ ಚರ್ಚೆ ಮುಗಿಯಿತು. ಮೆಟ್ಟಿಲಿಳಿಯುವಾಗ ಮುಂದಿದ್ದ ಹುಡುಗ ಗೆಳತಿಗೆ ಹೇಳುವುದು ಕೇಳಿಸಿತು: "ಸದ್ಯ, ಇವತ್ತು ಮುದುಕ ಬೇಗ ಬಿಟ್ಟ ಕಣೆ."

ಲಿಬಾರ್ದೊ ಗೋಡೆಯ ಕಡೆ ಸರಿದು ಉಳಿದವರಿಗೆ ದಾರಿ ಬಿಟ್ಟ. ಎಲ್ಲರೂ ಇಳಿದ ಮೇಲೆ ವಾಪಸು ಹತ್ತಿ ಹೋಗಿ, ಬೂದು ಕೋಟಿನವರು ಯಾರು ಎಂದು ಮೇಷ್ಟ್ರನ್ನು ಕೇಳಿದ. ನೂಬಿಯಾ ಎಂದು ಹೆಸರು, ಮಾರುಕಟ್ಟೆಯ ಹಿಂದೆ ಗುಂಡಿ, ದಾರ, ಉಲ್ಲನ್ನಿನ ಅಂಗಡಿ ಇಟ್ಟಿದ್ದಾರೆ ಎಂದರು ಮೇಷ್ಟ್ರು. ಮತ್ತೆ ಜಗಳಕ್ಕೆ ಹೋಗಬೇಡಿ ಎಂದೂ ಸೇರಿಸಿದರು.

ಸೋಮವಾರ ಬೆಳಿಗ್ಗೆ ಹೋದ. ಬೆಟ್ಟದ ಕಡೆಯಿಂದ ಮಂಜು ಇಳಿದು ಇಳಿಜಾರು ಬೀದಿಯ ಅರ್ಧ ಮುಚ್ಚಿತ್ತು. ನೂಬಿಯಾ ಅಂಗಡಿಯ ಮೇಜಿನ ಹಿಂದೆ ನಿಂತು ಬೆರೆತುಹೋದ ಗುಂಡಿಗಳನ್ನು ಬಣ್ಣ ನೋಡಿ ಬೇರೆ ಮಾಡುತ್ತಿದ್ದಳು. ಅವನನ್ನು ಗುರುತು ಹಿಡಿದಳು. ಸಿಟ್ಟೂ ಕಾಣಲಿಲ್ಲ, ಸಂತೋಷವೂ ಕಾಣಲಿಲ್ಲ. ಏನು ಬೇಕು ಎಂದು ಕೇಳಿದಳು.

ಅವನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತು ಕ್ಷಮೆಯಿಂದ ಶುರುವಾಗಬೇಕಿತ್ತು. ಶುರುವಾದದ್ದು ಲಾಂದ್ರದಿಂದ. ಆ ದೃಶ್ಯವನ್ನು ಇನ್ನೊಮ್ಮೆ ಯೋಚಿಸಿದೆ, ನಿರ್ದೇಶಕ ಕೊನೆಗೆ ಒಂದು ಕ್ಷಣವಾದರೂ ಮುಖವನ್ನು ಹತ್ತಿರದಿಂದ ತೋರಿಸಿದ್ದರೆ ನನ್ನ ತಕರಾರು ಇರುತ್ತಿರಲಿಲ್ಲ ಎಂದೆಲ್ಲ ಹೇಳಿದ. ನೂಬಿಯಾ ಗುಂಡಿ ಆರಿಸುತ್ತಲೇ ಕೇಳಿಸಿಕೊಂಡಳು.

"ಒಂದು ಕೇಳ್ತೀನಿ," ಎಂದಳು. "ಯಾರಾದರೂ ಸಾಯೋದನ್ನ ನೀವು ಹತ್ತಿರದಿಂದ ನೋಡಿದೀರಾ?"

ಲಿಬಾರ್ದೊ ಯೋಚಿಸಿದ. ತಂದೆ ಹೋದಾಗ ಅವನಿನ್ನೂ ಕೂಸು. ತಾಯಿ ಹೋದದ್ದು ಅಕ್ಕನ ಊರಿನಲ್ಲಿ. ಮಣ್ಣು ಕುಸಿದು ರಸ್ತೆ ಮುಚ್ಚಿಹೋಗಿ, ಇವನು ತಲುಪುವ ಹೊತ್ತಿಗೆ ಎಲ್ಲ ಮುಗಿದು, ಸಾವಿಗೆ ಬಂದವರಿಗಾಗಿ ಹಾಕಿದ್ದ ಕುರ್ಚಿಗಳನ್ನು ಮಡಚುತ್ತಿದ್ದರು.

"ಇಲ್ಲ," ಎಂದ. "ಸಿನಿಮಾದಲ್ಲಿ ನೋಡಿದೀನಿ."

ನೂಬಿಯಾ ನಗಲಿಲ್ಲ. ಮೇಜಿನ ಹಿಂದಿದ್ದ ಸ್ಟೂಲನ್ನು ಕಾಲಿನಿಂದ ಅವನ ಕಡೆ ತಳ್ಳಿದಳು. ಅವನು ಕೂತ.

ಗಂಡನಿಗೆ ಆ ಬೆಳಿಗ್ಗೆ ಬೀನ್ಸ್ ತಿನ್ನಬೇಕು ಅನ್ನಿಸಿತಂತೆ. ನೀರೇ ಗಂಟಲಲ್ಲಿ ಇಳಿಯುತ್ತಿರಲಿಲ್ಲ, ಬೀನ್ಸ್ ಎಲ್ಲಿಂದ ಇಳಿದೀತು? ಆದರೂ ಬಾಯಿ ಬಿಟ್ಟು ಕೇಳಿದರಲ್ಲ ಎಂದು ಮಾರುಕಟ್ಟೆಯಿಂದ ಹಸಿಕಾಯಿ ತಂದು ಬಿಡಿಸಲು ಕೂತಳಂತೆ. ಬಾಗಿಲು ತೆರೆದೇ ಇತ್ತು. ಉಸಿರು ಕೇಳುತ್ತಿತ್ತು. ಆಮೇಲೆ ಕೇಳಲಿಲ್ಲ.

"ಕೈಯಲ್ಲೊಂದು ಕಾಯಿ ಇತ್ತು. ಅದನ್ನ ಪೂರ್ತಿ ಬಿಡಿಸಿದೆ. ಆಮೇಲೆ ಎದ್ದೆ. ಯಾಕೆ ಅಂತ ಕೇಳಬೇಡಿ, ನಂಗೂ ಗೊತ್ತಿಲ್ಲ."

ಹೊರಗೆ ಯಾರೋ ತಳ್ಳುಗಾಡಿಯಲ್ಲಿ ಮೆಕ್ಕೆಜೋಳದ ರೊಟ್ಟಿ ಕೂಗಿಕೊಂಡು ಹೋದರು. ಲಿಬಾರ್ದೊ ಕೇಳಬಾರದೆಂದುಕೊಂಡೇ ಕೇಳಿದ: "ಆಗ ನಿಮ್ಮ ಮುಖ ಹೇಗಿತ್ತು?"

"ಎದುರಿಗೆ ಕನ್ನಡಿ ಇರಲಿಲ್ಲ," ಎಂದಳು.

ಅವನು ಮೇಜಿನ ಮೇಲಿದ್ದ ಗುಂಡಿಗಳಲ್ಲಿ ಕಂದು ಬಣ್ಣದವನ್ನು ಆರಿಸಿ ಒಂದು ಕಡೆ ಕೂಡಿಸತೊಡಗಿದ. ಅವಳು ಬೇಡ ಎನ್ನಲಿಲ್ಲ. ಗಿರಾಕಿಯೊಬ್ಬಳು ಬಂದು ನೀಲಿ ಉಲ್ಲನ್ ತೆಗೆದುಕೊಂಡು ಹೋದಳು. ಆಮೇಲೆ ಲಿಬಾರ್ದೊ, ಅವತ್ತು ತಾನು ಆಡಿದ್ದು ಆಡಬಾರದ ಮಾತು ಎಂದ. ತನ್ನಿಂದಾಗಿ ಆಕೆ ಎದ್ದುಹೋದದ್ದು ಮನಸ್ಸಿಗೆ ಚುಚ್ಚುತ್ತಿದೆ, ಮತ್ತೆ ಬರಬೇಕು ಎಂದ.

"ನಿಮ್ಮ ಮಾತಿಗೆ ನಾನೇನು ಎದ್ದು ಹೋಗಲಿಲ್ಲ. ಬಸ್ಸಿನ ಹೊತ್ತಾಗಿತ್ತು," ಎಂದಳು ನೂಬಿಯಾ. "ಆದರೆ ಮತ್ತೆ ಬರಲ್ಲ. ನೀವೆಲ್ಲ ಚಿತ್ರ ಮುಗಿದ ಮೇಲೆ ಮಾತಾಡ್ತೀರಿ. ಮನೇಲಿ ಕತ್ತಲೇಲಿ ಒಬ್ಬಳೇ ಕೂತು ಸಾಕಾಗಿದೆ. ಅಲ್ಲೂ ಕತ್ತಲೆನೇ, ಆದರೆ ಪಕ್ಕದಲ್ಲಿ ಜನ ಇರ್ತಾರೆ, ಅದಕ್ಕೆ ಬಂದಿದ್ದೆ. ದೀಪ ಹಾಕಿದ ಮೇಲೆ ನಂಗಲ್ಲೇನೂ ಕೆಲಸ ಇಲ್ಲ."

ಕಂದು ಗುಂಡಿಗಳು ಮುಗಿದಿದ್ದವು. ಲಿಬಾರ್ದೊ ಎದ್ದು ಸ್ಟೂಲನ್ನು ಇದ್ದ ಜಾಗಕ್ಕೆ ಸರಿಸಿದ. ಹೋಗಿಬನ್ನಿ ಎಂದು ಅವಳೇ ಹೇಳಿದಳು. ಇನ್ನೊಮ್ಮೆ ಬನ್ನಿ ಎಂಬ ಅರ್ಥ ಅದರಲ್ಲಿದೆಯೇ ಎಂದು ಅವನು ಮೂಲೆ ತಿರುಗುವವರೆಗೆ ಯೋಚಿಸಿದ. ಇರಲಾರದು ಅನ್ನಿಸಿತು.

ಶನಿವಾರ ಅವನು ಶಾಲೆಯ ಮಹಡಿ ಹತ್ತಲಿಲ್ಲ. ಚೌಕದ ಹತ್ತಿರದ ದೊಡ್ಡ ಚಿತ್ರಮಂದಿರದಲ್ಲಿ ಹೊಸದೊಂದು ಗೋಳಿನ ಚಿತ್ರ ನಡೆಯುತ್ತಿತ್ತು. ಅಂಥ ಕಡೆ ಅವನು ಕಾಲಿಟ್ಟು ಯುಗವಾಗಿತ್ತು. ಮಧ್ಯಾಹ್ನದ ಆಟಕ್ಕೆ ಮಾರುಕಟ್ಟೆಯ ಜನ, ಮನೆಗೆಲಸದ ಹೆಂಗಸರು, ಮೊಮ್ಮಕ್ಕಳನ್ನು ಕಟ್ಟಿಕೊಂಡು ಬಂದ ಅಜ್ಜಿಯರು ತುಂಬಿದ್ದರು. ನಡುವಿನ ಸಾಲಿನಲ್ಲಿ ಜಾಗ ಸಿಕ್ಕಿತು. ಪಕ್ಕದಲ್ಲಿ ಮೂಟೆ ಹೊರುವವನಂಥ ದಪ್ಪ ಆಳು. ಅವನ ಮೊಣಕೈ ಕುರ್ಚಿಯ ತೋಳನ್ನು ಪೂರ್ತಿ ಆಕ್ರಮಿಸಿತ್ತು.

ಕಥೆಗೆ ತಲೆಬುಡವಿರಲಿಲ್ಲ. ಕಳೆದುಹೋದ ಮಗ ಸಿಗುವ ಹೊತ್ತಿಗೆ ತಾಯಿಯ ಕಣ್ಣು ಹೋಗಿತ್ತು. ಕುರುಡಿಯ ಪಾತ್ರದವಳು ಅಳುವ ಮೊದಲು ಬೆಳಕು ಎಲ್ಲಿದೆ ಎಂದು ನೋಡಿಕೊಳ್ಳುತ್ತಿದ್ದಳು. ಅದು ಲಿಬಾರ್ದೊನ ಕಣ್ಣಿಗೆ ಬಿತ್ತು; ಬಿದ್ದದ್ದು ಮಾತಾಗದೆ ಒಳಗೇ ಉಳಿಯಿತು. ಸುತ್ತಲೂ ಮೂಗೇರಿಸುವ ಸದ್ದು ಶುರುವಾಯಿತು. ಪಕ್ಕದ ಆಳು ಮೊದಲು ಕೆಮ್ಮಿದ, ಆಮೇಲೆ ಅಂಗಿಯ ತೋಳಿನಲ್ಲಿ ಮುಖ ಒರೆಸಿಕೊಂಡ, ಆಮೇಲೆ ತಡೆದುಕೊಳ್ಳಲಾಗದೆ ಅವನ ಭುಜ ಕುಲುಕತೊಡಗಿತು. ಕುಲುಕು ಕುರ್ಚಿಯ ಮೂಲಕ ಇವನ ಬೆನ್ನಿಗೂ ತಾಗುತ್ತಿತ್ತು.

ಲಿಬಾರ್ದೊ ಜೇಬಿನಿಂದ ಕರವಸ್ತ್ರ ತೆಗೆದು, ತೆರೆಯಿಂದ ಕಣ್ಣು ಕದಲಿಸದೆ, ಪಕ್ಕಕ್ಕೆ ಚಾಚಿದ. ದೊಡ್ಡ ಒರಟು ಕೈಯೊಂದು ಅದನ್ನು ತೆಗೆದುಕೊಂಡಿತು. ತೆಗೆದುಕೊಂಡ ಕೈ ಕುರ್ಚಿಯ ತೋಳಿನ ಮೇಲೆ ಸ್ವಲ್ಪ ಜಾಗ ಬಿಟ್ಟಿತ್ತು. ಅವನು ತನ್ನ ಮೊಣಕೈಯನ್ನು ಅಲ್ಲಿಟ್ಟ.